ಟಿ.ವಿ. ಟ್ಯೂನರ್ ಕಾರ್ಡ್: ಚಿತ್ರಕ್ಕಿಂತ ಮೊದಲು ಧ್ವನಿಯನ್ನು ವಿಚಾರಿಸಿ

2008ರಲ್ಲಿ, ಕಲಬುರಗಿ ಇನ್ನೂ ಗುಲ್ಬರ್ಗ ಎಂದು ಕರೆಸಿಕೊಳ್ಳುತ್ತಿದ್ದಾಗ, ಸೂಪರ್ ಮಾರ್ಕೆಟ್ಟಿನ ಅಂಗಡಿಯೊಂದರಲ್ಲಿ 1,350 ರೂಪಾಯಿ ಕೊಟ್ಟು, ಕೇಬಲ್ ಜೋಡಿಸಿ ಕಂಪ್ಯೂಟರಿನಲ್ಲೇ ಟಿ.ವಿ. ನೋಡಲು ಅದರೊಳಗೆ ಕೂರಿಸುವ ಟ್ಯೂನರ್ ಕಾರ್ಡ್ ಕೊಂಡೆ. ಶರಣಬಸವೇಶ್ವರರ ತೇರನ್ನು ಊರಿನ ಕೇಬಲ್‌ನವರು ತೋರಿಸಿದ ಸಂಜೆ, ಸೇಡಂನ ತಂಗಿಯ ಮನೆಗೆ ಹೋಗಿದ್ದ ಅವ್ವನಿಗೆಂದು ಒಂದು ಗಂಟೆ ರೆಕಾರ್ಡ್ ಮಾಡಿಟ್ಟೆ. ಆಕೆ ಬಂದ ಮೇಲೆ ಹಾಕಿ ತೋರಿಸಿದರೆ ತೇರು ಸಾಗುತ್ತಿತ್ತು, ಜನ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಿದ್ದರು, ಆದರೆ ಒಂದು ಸದ್ದೂ ಇರಲಿಲ್ಲ.

ಕಾರಣ ತಿಳಿಯಲು ಎರಡು ವಾರ ಬೇಕಾಯಿತು. ನನ್ನ ಕಾರ್ಡಿನಲ್ಲಿದ್ದ ಎಸ್‌ಎಎ 7130 ಚಿಪ್ ಚಿತ್ರವನ್ನಷ್ಟೇ ಕಂಪ್ಯೂಟರಿಗೆ ದಾಟಿಸುತ್ತದೆ. ಧ್ವನಿಯು ಕಾರ್ಡಿನ ಹಿಂಬದಿಯಿಂದ ಗೇಣುದ್ದದ ವೈರಿನ ಮೂಲಕ ಸೌಂಡ್ ಕಾರ್ಡಿನ ಲೈನ್-ಇನ್ ತೂತಿಗೆ ಹೋಗಬೇಕು. ಸ್ಪೀಕರಿನಲ್ಲಿ ಸದ್ದು ಕೇಳಿಸುತ್ತಿದ್ದರೂ, ರೆಕಾರ್ಡಿಂಗ್ ಆಯ್ಕೆ ಮೈಕ್ ಮೇಲೆ ನಿಂತಿದ್ದರೆ ಕಡತದೊಳಗೆ ಟಿ.ವಿ.ಯ ಸದ್ದು ಸೇರುವುದಿಲ್ಲ. ಅದನ್ನು ಸರಿಪಡಿಸಿದ ಮೇಲೂ ನಲವತ್ತು ನಿಮಿಷ ದಾಟಿದೊಡನೆ ಮಾತು ತುಟಿಗಿಂತ ಹಿಂದೆ ಬೀಳುತ್ತಿತ್ತು, ಏಕೆಂದರೆ ಚಿತ್ರವನ್ನು ಒಂದು ಕಾರ್ಡಿನ ಗಡಿಯಾರ ಅಳೆಯುತ್ತಿದ್ದರೆ ಧ್ವನಿಯನ್ನು ಇನ್ನೊಂದರದು ಅಳೆಯುತ್ತಿತ್ತು. ಇಪ್ಪತ್ತು ಇಪ್ಪತ್ತು ನಿಮಿಷಗಳ ತುಂಡುಗಳಾಗಿ ರೆಕಾರ್ಡ್ ಮಾಡುವುದೊಂದೇ ನನಗೆ ಉಳಿದ ಉಪಾಯ. ಇದನ್ನು ಮಾರುವಾಗ ಯಾರೂ ಹೇಳದೇ ಇದ್ದುದಕ್ಕೆ ನನಗೆ ಈಗಲೂ ಬೇಸರವಿದೆ.

ನೋಡುವುದಕ್ಕೆ ಮಾತ್ರ ಅದು ಸುಖ ಕೊಟ್ಟಿತು. ಸಂಜೆ ಅವ್ವ ರೊಟ್ಟಿ ಬಡಿಯಲು ಕುಳಿತಾಗ ನಾನು ಕಂಪ್ಯೂಟರ್ ಹಚ್ಚಿ, ಮಾನಿಟರಿನ ಅಂಚಿಗೆ ಟೇಪಿನಿಂದ ಅಂಟಿಸಿದ ರಿಮೋಟಿನ ಕಣ್ಣನ್ನು ಅಡುಗೆಮನೆಯ ಕಡೆಗೆ ತಿರುಗಿಸಿ, ಚಂದನ ವಾಹಿನಿಯನ್ನು ಪರದೆಯ ಮೂಲೆಯ ಪುಟ್ಟ ಕಿಟಕಿಯಲ್ಲಿಟ್ಟು ಲೆಕ್ಕಪತ್ರ ಬರೆಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಆಕೆ ಬಾಗಿಲಿಗೆ ಬಂದು ವಾರ್ತೆ ಕೇಳಿ ಹೋಗುತ್ತಿದ್ದಳು. ಆದರೆ ಒಳಗಿನ ಕಾರ್ಡಿಗೆ ಇಡೀ ಕಂಪ್ಯೂಟರ್ ನಡೆಯುತ್ತಿರಬೇಕು. ನಮ್ಮ ಮೇ ತಿಂಗಳ ಧಗೆಯಲ್ಲಿ ಆ ಕೋಣೆ ಇನ್ನಷ್ಟು ಕಾಯುತ್ತಿತ್ತು, ಕರೆಂಟು ಹೋದರೆ ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಗುತ್ತಿತ್ತು. ಟಿ.ವಿ. ನೋಡುವುದಷ್ಟೇ ಬೇಕಿದ್ದವರಿಗೆ ಕಂಪ್ಯೂಟರ್ ಹಚ್ಚದೆಯೇ ಮಾನಿಟರಿಗೆ ಜೋಡಿಸುವ ಹೊರಗಿನ ಟ್ಯೂನರ್ ಡಬ್ಬಿಯೇ ಮೇಲಾಗಿತ್ತು.

2011ರಲ್ಲಿ ಗೆಳೆಯನೊಬ್ಬನಿಂದ 600 ರೂಪಾಯಿಗೆ ಎಸ್‌ಎಎ 7134 ಚಿಪ್ಪಿನ ಹಳೆಯ ಕಾರ್ಡ್ ಕೊಂಡೆ. ಇದು ಧ್ವನಿಯನ್ನೂ ತಾನೇ ಅಂಕಿಗಳಾಗಿಸಿ, ತಾನು ಕೂತಿರುವ ಪಿಸಿಐ ತೂತಿನ ಮೂಲಕವೇ ಕಂಪ್ಯೂಟರಿಗೆ ಕಳಿಸುವುದರಿಂದ ಆ ವೈರೂ ಬೇಡ, ತುಂಡು ರೆಕಾರ್ಡಿಂಗೂ ಬೇಡ. ಒಳ್ಳೆಯ ಗುಣಮಟ್ಟದ ಎಂಪೆಗ್-2 ಎಂಬ ವಿಡಿಯೋ ಕಡತದ ರೂಪದಲ್ಲಿ ಗಂಟೆಗೆ ಸುಮಾರು 2 ಜಿಬಿ ಜಾಗ ಹಿಡಿಯುತ್ತದೆ, ಅಷ್ಟೇ.

ನಮ್ಮಂಥ ನಗರಗಳ ಕೇಬಲ್ ಡಿಜಿಟಲ್ ಆಗಲು 2015ರ ಡಿಸೆಂಬರ್ 31ರ ಗಡುವು ಬಂದು, ನಮ್ಮ ಮನೆಗೂ ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಟ್ಯೂನರಿಗೆ ಕೆಲಸವೇ ಉಳಿಯಲಿಲ್ಲ. ಕಾರ್ಡನ್ನು ಕಿತ್ತಿಡುವ ಹೊತ್ತಿಗೆ ಹೊರಗಿನ ಯಂತ್ರದ ಚಿತ್ರವನ್ನು ಒಳಗೆ ತರುವ, ಅದರ ಹಿಂಬದಿಯ ಹಳದಿ ಎವಿ ತೂತು ನೆನಪಾಯಿತು. ಪರಿಚಿತರಿಂದ ವಿಡಿಯೋ ಕ್ಯಾಸೆಟ್ ಓಡಿಸುವ ವಿಸಿಆರ್ ತಂದು, 1996ರ ನಮ್ಮ ಮದುವೆಯ ಕ್ಯಾಸೆಟನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ ಸಡಿಲಿಸಿ, ಟೇಪನ್ನು ಓದುವ ಹೆಡ್ಡನ್ನು ಸ್ಪಿರಿಟಿನಿಂದ ಒರೆಸಿ ಹಚ್ಚಿದೆ. ಚಿತ್ರದ ಅಂಚು ಅಲುಗುತ್ತಿತ್ತು, ಕೆಂಪು ಬಣ್ಣ ಹರಡಿತ್ತು. ಅಷ್ಟರಲ್ಲಿ ಅಕ್ಷತೆಯ ಗದ್ದಲದ ನಡುವೆ ಅಪ್ಪ ಯಾರಿಗೋ, "ಊಟಾ ಮಾಡ್ಕೊಂಡೇ ಹೋಗ್ರಿ" ಎಂದು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಅವ್ವ ಆ ಭಾಗವನ್ನು ಮೂರು ಸಲ ಹಿಂದಕ್ಕೆ ಹಾಕಿಸಿ ಕೇಳಿದಳು.

ಇಂದು ಹಳೆಯ ಕ್ಯಾಸೆಟ್ಟುಗಳೂ ಪಿಸಿಐ ತೂತಿರುವ ಹಳೆಯ ಕಂಪ್ಯೂಟರೂ ಇರುವವರಷ್ಟೇ ಇಂಥ ಕಾರ್ಡ್ ಹುಡುಕಬೇಕು. ಕೊಳ್ಳುವಾಗ ಚಿಪ್ಪಿನ ಮೇಲಿನ ಅಂಕಿಯನ್ನು ಓದಿ, ಎವಿ ತೂತನ್ನು ನೋಡಿ, ಹತ್ತು ನಿಮಿಷ ರೆಕಾರ್ಡ್ ಮಾಡಿಸಿ ಅಲ್ಲೇ ಕೇಳಿಸಿಕೊಳ್ಳಿರಿ. ನನ್ನ ವಿಂಡೋಸ್ ಎಕ್ಸ್‌ಪಿ ಯಂತ್ರ ಈಗ ಇದೊಂದೇ ಕೆಲಸಕ್ಕೆ ಉಳಿದಿದೆ; ತಂಗಿಯ ಸೀಮಂತದ ಕ್ಯಾಸೆಟ್ ಇನ್ನೂ ಬಾಕಿಯಿದೆ.