ಜಿಪ್ಸಿಗೆ ಸ್ಟೀಲ್ ಹೆಣಿಗೆಯ ಬ್ರೇಕ್ ಹೋಸ್: ಎರಡು ಮಳೆಗಾಲ ಆದಮೇಲೆ

ಮೂಡಿಗೆರೆ ಕಡೆ ನಮ್ಮ ತೋಟದಲ್ಲಿ ಓಡುವ ಹಳೇ ಜಿಪ್ಸಿಗೆ ಈ ಹೋಸ್ ಸೆಟ್ (ಬ್ರೇಕ್ ಆಯಿಲನ್ನು ಚಕ್ರಕ್ಕೆ ಒಯ್ಯುವ ಬಾಗುವ ಪೈಪ್‌ಗಳು, ಮೇಲೆ ಸ್ಟೀಲ್ ತಂತಿ ಹೆಣೆದಿರುತ್ತದೆ) ಹಾಕಿ ಎರಡು ಮಳೆಗಾಲ ಆಯಿತು. 14,000 ಕಿ.ಮೀ. ಓಡಿದೆ, ಅರ್ಧಕ್ಕರ್ಧ ಕೆಸರು, ಕಲ್ಲಿನ ದಾರಿಯೇ.

ಬದಲಾಯಿಸಿದ್ದಕ್ಕೆ ಕಾರಣ ಇತ್ತು. ಚಾರ್ಮಾಡಿ ಘಾಟಿ ಇಳಿದು ಉಜಿರೆಯಲ್ಲಿ ನಿಲ್ಲಿಸಿದಾಗ ಮುಂದಿನ ಎಡ ಚಕ್ರ ಕೈ ಇಡಲಾಗದಷ್ಟು ಕಾದಿತ್ತು, ಬಲಗಡೆಯದು ಬರೀ ಬೆಚ್ಚಗೆ. ಮನೆಗೆ ಬಂದು ಜಾಕ್ ಹಾಕಿ ತಿರುಗಿಸಿದರೆ ಚಕ್ರ ಅಲ್ಲಾಡಲಿಲ್ಲ. ಹೋಸ್‌ಗಿಂತ ಮೇಲಿನ ಪೈಪ್ ನಟ್ ಸಡಿಲ ಮಾಡಿದೆ, ಆಗಲೂ ಬಿಗಿ. ಕೆಳಗೆ ಚಕ್ರದ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಏರ್ ನಿಪ್ಪಲ್ (ಗಾಳಿ ತೆಗೆಯುವ ತಿರುಪು) ಬಿಟ್ಟ ತಕ್ಷಣ ಪಿಚಕ್ ಅಂತ ಆಯಿಲ್ ಹಾರಿ ಚಕ್ರ ಸಲೀಸಾಗಿ ತಿರುಗಿತು. ಹೊರಗೆ ಚೆನ್ನಾಗೇ ಕಾಣುತ್ತಿದ್ದ ರಬ್ಬರ್ ಒಳಗೆ ಊದಿಕೊಂಡು, ಹೋದ ಆಯಿಲ್ ವಾಪಸ್ ಬರದಂತೆ ತಡೆದಿತ್ತು.

ಗಾಡಿ ಎರಡು ಇಂಚು ಎತ್ತರ ಮಾಡಿಸಿದ್ದರಿಂದ ಉದ್ದದ ಸೆಟ್ಟೇ ತರಿಸಿದೆ: ಮುಂದೆ ಎರಡು, ಹಿಂದೆ ಆಕ್ಸಲ್‌ಗೆ ಹೋಗುವುದು ಒಂದು. ಆರ್ಡರ್ ಮಾಡುವ ಮುಂಚೆ ಚಾಸಿಗೆ ಜಾಕ್ ಕೊಟ್ಟು, ಆಕ್ಸಲ್ ಪೂರ್ತಿ ಜೋತು ಬೀಳಲು ಬಿಟ್ಟು, ಸ್ಟೀರಿಂಗ್ ಎರಡೂ ಕಡೆ ಕೊನೆವರೆಗೆ ತಿರುಗಿಸಿ ಅಳತೆ ತೆಗೆಯಿರಿ. ಗಾಡಿ ನೆಲದ ಮೇಲೆ ನಿಂತಾಗಿನ ಅಳತೆ ಹಳ್ಳ ಇಳಿಯುವಾಗ ಸಾಲುವುದಿಲ್ಲ.

ಹಾಕುವಾಗ ಕಷ್ಟ ಅಂದರೆ ಹಳೇ 10 ಎಂ.ಎಂ. ನಟ್‌ಗಳು. ಮಾಮೂಲಿ ಪಾನ ಹಾಕಿದರೆ ಮೂಲೆ ಸವೆದುಹೋಗುತ್ತದೆ. ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟು, ಬೆಳಗ್ಗೆ ನಟ್ಟನ್ನು ಸುತ್ತ ಹಿಡಿಯುವ ಫ್ಲೇರ್ ನಟ್ ಪಾನದಲ್ಲಿ ಬಿಚ್ಚಿದೆ. ಸೆಟ್‌ನಲ್ಲಿ ತಾಮ್ರದ ವಾಷರ್ ಇರಲಿಲ್ಲ, ಬೇಜಾರಾಯಿತು. ಹಳೆಯದನ್ನೇ ಹಾಕಬೇಡಿ, ಹೋಸ್ ತುದಿ ಬಿಗಿಯುವ ಒಂದೊಂದು ಬ್ಯಾಂಜೋ ಬೋಲ್ಟ್‌ಗೂ (ಆಯಿಲ್ ಹರಿಯಲು ಒಳಗೆ ತೂತಿರುವ ಬೋಲ್ಟ್) ಹೊಸದು ಎರಡೆರಡು ಬೇಕು. ಆಮೇಲೆ ಹಿಂದಿನ ಎಡ ಚಕ್ರದಿಂದ ಶುರುಮಾಡಿ ಪೈಪಿನೊಳಗೆ ಸೇರಿದ ಏರ್ ತೆಗೆದೆವು, ಅಣ್ಣ ಪೆಡಲ್ ಒತ್ತಿದ, ನಾನು ಕೆಳಗೆ. ಪೇಂಟ್ ಮೇಲೆ ಬ್ರೇಕ್ ಆಯಿಲ್ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲಾಂದ್ರೆ ಪೇಂಟೇ ಎದ್ದು ಬರುತ್ತದೆ.

ಪೆಡಲ್ ಗಟ್ಟಿಯಾಗಿದೆ, ನಿಜ. ಆದರೆ ಅದರಲ್ಲಿ ಹೊಸ ಆಯಿಲ್‌ನದ್ದೂ ಪಾಲಿದೆ, ಎಲ್ಲಾ ಸ್ಟೀಲ್‌ನಿಂದಲೇ ಅನ್ನುವುದಕ್ಕಾಗಲ್ಲ. ಎತ್ತರ ಮಾಡಿಸದ ಗಾಡಿಗೆ ಒಳ್ಳೇ ರಬ್ಬರ್ ಹೋಸೇ ಸಾಕು.

ಆರು ತಿಂಗಳಲ್ಲಿ ಒಂದು ತೊಂದರೆ ಕಂಡಿತು. ಬಲಗಡೆ ಹೋಸ್ ಸ್ಪ್ರಿಂಗ್ ಪ್ಲೇಟ್‌ಗೆ ಉಜ್ಜಿ, ಪ್ಲೇಟ್ ಮೇಲೆ ಬೆಳ್ಳಿ ಗೆರೆ ಬಿದ್ದಿತ್ತು. ಸ್ಟೀಲ್ ಹೆಣಿಗೆ ಅರದ ಥರ ಉಜ್ಜುತ್ತದೆ. ಬ್ರಾಕೆಟ್ ಸ್ವಲ್ಪ ತಿರುಗಿಸಿ, ಔಷಧಿ ಹೊಡೆಯುವ ಪೈಪಿನ ತುಂಡು ಸೀಳಿ ಸುತ್ತಿದೆ. ಒಳಗಿನ ಪೈಪ್ ಹಳತಾದರೂ ಹೊರಗೆ ಕಾಣಲ್ಲ, ಅದಕ್ಕೇ ಮಳೆ ಹಿಡಿಯುವ ಮುಂಚೆ ಪ್ರತಿ ಜಾಯಿಂಟನ್ನೂ ಒಣ ಬಟ್ಟೆಯಲ್ಲಿ ಒರೆಸಿ ನೋಡುತ್ತೇನೆ. ಈ ಸಲವೂ ಬಟ್ಟೆ ಒಣಗಿಯೇ ಇತ್ತು. ಹೋದ ವಾರ ಮತ್ತೆ ಚಾರ್ಮಾಡಿ ಇಳಿದು ಎರಡೂ ಚಕ್ರ ಮುಟ್ಟಿ ನೋಡಿದೆ, ಒಂದೇ ಸಮ ಬೆಚ್ಚಗಿದ್ದವು.