ಡೆಂಗ್ಯೂ ಟೆಸ್ಟಿಗೆ ಕಂಕನಾಡಿಯ ಸಣ್ಣ ಲ್ಯಾಬ್: ಐದಕ್ಕೆ ನಾಲ್ಕು ಸ್ಟಾರ್

ಮಂಗಳೂರಿನ ಕಂಕನಾಡಿ ಮಾರ್ಕೆಟ್‌ನಿಂದ ಸ್ವಲ್ಪ ಒಳಗೆ ಹೋದರೆ ಒಂದು ಝೆರಾಕ್ಸ್ ಅಂಗಡಿ. ಅದರ ಮಾಳಿಗೆಯಲ್ಲಿ ಈ ರಕ್ತ ಪರೀಕ್ಷೆ ಲ್ಯಾಬ್ ಉಂಟು. ಹೆಸರು ಹಾಕಬೇಡಿ ಅಂತ ಯಜಮಾನರೇ ಹೇಳಿದ್ದಾರೆ. "ಮತ್ತೆ ಫೋನ್ ನಿಲ್ಲುವುದಿಲ್ಲ ಮಾರಾಯ್ರೆ" ಅಂದರು. ಸರಿ, ಹಾಕುವುದಿಲ್ಲ.

ನಾನು ನರ್ಸಿಂಗ್ ಓದುವ ಹುಡುಗಿಯರಿಗೆ ಪಿಜಿ ನಡೆಸುತ್ತೇನೆ. ಮಳೆ ಹಿಡಿಯಿತೆಂದರೆ ಒಬ್ಬಳಿಗಲ್ಲ ಒಬ್ಬಳಿಗೆ ಜ್ವರ ಇದ್ದದ್ದೇ. ಕಳೆದ ಮಳೆಗಾಲದಲ್ಲಿ ಒಬ್ಬಳಿಗೆ ಮೈಕೈ ನೋವು, ಕಣ್ಣಿನ ಹಿಂದೆ ನೋವು, ಜ್ವರ ಇಳಿಯುವ ಲಕ್ಷಣವೇ ಇಲ್ಲ. ಡಾಕ್ಟರು ಡೆಂಗ್ಯೂ ಟೆಸ್ಟ್ ಬರೆದುಕೊಟ್ಟರು.

ಮೊದಲು ಫೋನ್ ಮಾಡಿದ್ದು ಒಂದು ದೊಡ್ಡ ಲ್ಯಾಬಿಗೆ. "ಫೀವರ್ ಪ್ಯಾಕೇಜ್ ಇದೆ ಮೇಡಂ" ಅಂದ ಹುಡುಗ. ಪಟ್ಟಿ ವಾಟ್ಸಾಪಿನಲ್ಲಿ ಬಂತು. ಡೆಂಗ್ಯೂವಿಗೆ ಸರ್ಕಾರ ಹೇಳಿದಷ್ಟೇ, ಮುನ್ನೂರು. ಆದರೆ ಅದರ ಬಾಲಕ್ಕೆ ಲಿವರ್, ಥೈರಾಯ್ಡ್, ವಿಟಮಿನ್ ಡಿ! ಜ್ವರಕ್ಕೂ ವಿಟಮಿನ್ ಡಿಗೂ ಏನಪ್ಪಾ ಸಂಬಂಧ ಅಂತ ಕೇಳಿದೆ. ಪ್ಯಾಕೇಜ್ ಹಾಗೇ ಬರುವುದಂತೆ.

2024ರ ಜುಲೈಯಲ್ಲಿ ಸರ್ಕಾರ ಖಾಸಗಿಯವರಿಗೆ ದರ ಕಟ್ಟಿತಲ್ಲ, ಅದು ಇದೇ. ಎನ್‌ಎಸ್ 1 (ರಕ್ತದಲ್ಲಿ ವೈರಸ್ಸಿನದ್ದೇ ಪ್ರೋಟೀನ್ ಹುಡುಕುವುದು) ಎಲೈಸಾಗೆ, ಅಂದರೆ ಲ್ಯಾಬಿನಲ್ಲಿ ಪ್ಲೇಟಿಗೆ ಹಾಕಿ ಮಾಡುವ ಟೆಸ್ಟಿಗೆ, 300, ಐಜಿಎಂ (ವೈರಸ್ಸಿನ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯ ಹುಡುಕುವುದು) ಎಲೈಸಾಗೆ 300, ತಕ್ಷಣ ನೋಡುವ ಕಾರ್ಡ್ ಟೆಸ್ಟಿಗೆ 250 ರೂಪಾಯಿ. ಜ್ವರ ಬಂದವರು ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಹಾಗಾಗಿ ದರ ಕಟ್ಟಿದ್ದು ನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೆ ಬಾಗಿಲು ಹಾಕಿದರೆ ಕಿಟಕಿಯಿಂದ ಬರುವವರಿಗೆ ಏನು ಮಾಡುವುದು?

ಈ ಸಣ್ಣ ಲ್ಯಾಬಿನಲ್ಲಿ ಮೆಟ್ಟಿಲು ಹತ್ತುತ್ತಲೇ ದರದ ಬೋರ್ಡು ಕಾಣುತ್ತದೆ, ಕನ್ನಡದಲ್ಲೇ. ಮನೆಗೆ ರಕ್ತ ತೆಗೆಯಲು ಬಂದ ಹುಡುಗಿ ಮೊದಲು ಕೇಳಿದ್ದು, "ಜ್ವರ ಶುರುವಾದದ್ದು ಯಾವತ್ತು ಆಂಟಿ?" ಮೊನ್ನೆ ಅಂದೆ. "ಹಾಗಾದ್ರೆ ಈಗ ಐಜಿಎಂ ಸುಮ್ನೆ ದಂಡ. ಅದು ಐದು ದಿನ ಕಳೆದ ಮೇಲೆಯೇ ಸರಿಯಾಗಿ ಗೊತ್ತಾಗುವುದು. ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ, ಎನ್‌ಎಸ್ 1 ಮಾತ್ರ ಸಾಕಾಗಬಹುದು" ಅಂದಳು. ಕೇಳಿದೆ, ಸಾಕು ಅಂದರು. ತನ್ನ ಅಂಗಡಿಯ ಮುನ್ನೂರು ರೂಪಾಯಿ ವ್ಯಾಪಾರವನ್ನು ತಾನೇ ಬಿಟ್ಟುಕೊಟ್ಟಳು ನೋಡಿ. ಮನೆಗೆ ಬಂದದ್ದಕ್ಕೆ ಬೇರೆ ದುಡ್ಡೂ ತೆಗೆದುಕೊಳ್ಳಲಿಲ್ಲ.

ಇನ್ನೊಂದು ಮಾತನ್ನೂ ಸೂಜಿ ಚುಚ್ಚುವ ಮೊದಲೇ ಹೇಳಿದಳು. ಪಾಸಿಟಿವ್ ಬಂದರೆ ಹೆಸರು, ವಿಳಾಸ ಆರೋಗ್ಯ ಇಲಾಖೆಗೆ ಹೋಗುತ್ತದೆ, ಅವರು ಮನೆಗೆ ಬರಬಹುದು, ಹೆದರಬೇಡಿ ಅಂತ. ಇದು ಸಣ್ಣ ವಿಷಯ ಅಲ್ಲ. 2020ರಲ್ಲಿ ಕೊರೊನಾ ಸಮಯದಲ್ಲಿ ಕ್ವಾರಂಟೈನ್ ಆದವರ ಕೈಗೆ ಮುದ್ರೆ ಒತ್ತಿದ್ದು, ಅವರ ವಿಳಾಸದ ಪಟ್ಟಿಯನ್ನೇ ಸರ್ಕಾರ ಹೊರಗೆ ಬಿಟ್ಟದ್ದು, ಮನೆ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದ್ದು ಮರೆತುಹೋಗಿದೆಯಾ? ಕಡೆಗೆ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಪ್ರಾಧಿಕಾರದ ನಿರ್ದಿಷ್ಟ ಆದೇಶ ಇಲ್ಲದೆ ಹಾಗೆ ಅಂಟಿಸುವ ಹಾಗಿಲ್ಲ ಅಂದಿತು. ಇಲಾಖೆಗೆ ಮಾಹಿತಿ ಬೇಕು, ಒಪ್ಪುತ್ತೇನೆ. ಅದು ಯಾರಿಗೆ, ಯಾಕೆ ಹೋಗುತ್ತದೆ ಅಂತ ಮೊದಲೇ ಹೇಳಿದರೆ ಯಾರೂ ಜ್ವರ ಮುಚ್ಚಿಡುವುದಿಲ್ಲ.

ರಿಪೋರ್ಟ್ ಬಂದದ್ದು ಮರುದಿನ ಸಂಜೆ. ತಡ ಅಂತ ನಾನು ಗೊಣಗಿದೆ. ಆಗ ಯಜಮಾನರು ಎಲೈಸಾ ಪ್ಲೇಟ್ ತೆಗೆದು ತೋರಿಸಿದರು. ಅಂಗೈ ಅಗಲದ ಪ್ಲಾಸ್ಟಿಕ್, ಅದರಲ್ಲಿ ಗುಂಡಿ ಗುಂಡಿ, ಒಟ್ಟು 96. ಪ್ರತಿ ಸಲ ಹಚ್ಚುವಾಗಲೂ ಕೆಲವು ಗುಂಡಿ ಕಂಟ್ರೋಲಿಗೇ, ಅಂದರೆ ಟೆಸ್ಟ್ ಸರಿ ನಡೆದಿದೆಯಾ ಅಂತ ನೋಡುವುದಕ್ಕೇ, ಹೋಗುತ್ತದೆ, ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ರಾಶಿ ಸ್ಯಾಂಪಲ್ ಬರುವ ದೊಡ್ಡವರಿಗೆ ಮುನ್ನೂರರಲ್ಲೂ ಗಿಟ್ಟುತ್ತದೆ. ಇವರು ಮೂರೋ ನಾಲ್ಕೋ ಸ್ಯಾಂಪಲಿಗೆ ಹಚ್ಚಿದರೆ ಕೈಯಿಂದ ಹೋಗುತ್ತದೆ, ಅದಕ್ಕೇ ಒಟ್ಟು ಸೇರುವವರೆಗೆ ಕಾಯುತ್ತಾರೆ. ದರ ಕಟ್ಟಿದ ಸರ್ಕಾರ ಇಂಥ ಸಣ್ಣವರಿಗೆ ಕಿಟ್ ಆದರೂ ಅಗ್ಗದಲ್ಲಿ ಕೊಡಬಹುದಿತ್ತು, ಅಲ್ವಾ? ಅಷ್ಟೂ ಖರ್ಚು ಬೇಡ ಅನ್ನುವವರಿಗೆ ಸರ್ಕಾರಿ ಆಸ್ಪತ್ರೆ ವೆನ್‌ಲಾಕ್ ಉಂಟು, ಅಲ್ಲಿ ಉಚಿತ.

ಪಾಸಿಟಿವ್ ಬಂತು. ಹುಡುಗಿ ಗುಣವಾದಳು, ಆ ಕಥೆ ಬೇಡ. ಆಶಾ ಕಾರ್ಯಕರ್ತೆ ಮನೆಗೆ ಬಂದರು. ಟಾರ್ಚ್ ಹಿಡಿದು ಡ್ರಮ್ಮು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಅಂಗಳದಲ್ಲಿ ಬಿದ್ದ ಅಡಿಕೆ ಹಾಳೆ, ಗೆರಟೆ, ಒಂದೂ ಬಿಡದೆ ನೋಡಿದರು. ಏನೂ ಸಿಗಲಿಲ್ಲ. ಸೊಳ್ಳೆಯ ಲಾರ್ವಾ ಕುಣಿಯುತ್ತಿದ್ದದ್ದು ಪಕ್ಕದ ಖಾಲಿ ಸೈಟಿನಲ್ಲಿ, ಯಾರೋ ಕುಡಿದು ಎಸೆದ ಬೊಂಡದಲ್ಲಿ. ಆ ಸೈಟಿನವರು ಯಾರು ಅಂತ ಇಡೀ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ.

2024ರ ಸೆಪ್ಟೆಂಬರಿನಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ತಂದರು. ಪೇಟೆಯಲ್ಲಿ ಮನೆಗೆ 400, ಅಂಗಡಿ ಮುಂಗಟ್ಟಿಗೆ 1000, ಕಟ್ಟಡ ಕೆಲಸದ ಜಾಗಕ್ಕೆ, ಖಾಲಿ ಸೈಟಿಗೆ 2000. ಕಾಗದದಲ್ಲಿ ಲೆಕ್ಕ ಚೆನ್ನಾಗಿಯೇ ಉಂಟು. ಆದರೆ ದಂಡ ಕಟ್ಟಲು ಸಿಗುವವರು ಮನೆಯಲ್ಲಿ ಇರುವವರು. ನಮ್ಮ ಊರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ರೇಷನ್ ಮಾಡಿದ ವರ್ಷ, 2019 ಇರಲಿ, 2023 ಇರಲಿ, ನಾವು ಡ್ರಮ್ಮಿನಲ್ಲಿ ತುಂಬಿಡದೆ ಏನು ಮಾಡಬೇಕಿತ್ತು? ನಳ್ಳಿಯಲ್ಲಿ ದಿನಾ ನೀರು ಬಿಡಿ, ಸೈಟಿನ ಯಜಮಾನರನ್ನು ಮೊದಲು ಹುಡುಕಿ, ಆಮೇಲೆ ನನ್ನ ಡ್ರಮ್ಮಿಗೆ ದಂಡ ಹಾಕಿ. ತಕರಾರಿಲ್ಲದೆ ಕಟ್ಟುತ್ತೇನೆ.

ಲ್ಯಾಬಿಗೆ ಒಂದು ಸ್ಟಾರ್ ಕಡಿಮೆ ಮಾಡಿದ್ದು ಮೆಟ್ಟಿಲಿಗೆ. ಕಡಿದಾಗಿದೆ, ಮಳೆಗೆ ಜಾರುತ್ತದೆ, ಜ್ವರ ಇರುವವರಿಗೆ ಹತ್ತಲು ಆಗುವುದೇ ಇಲ್ಲ. ಬೆಳಿಗ್ಗೆ ಬೇಗ ಫೋನ್ ಮಾಡಿದರೆ ಅವರೇ ಮನೆಗೆ ಬರುತ್ತಾರೆ. ಗೂಗಲ್ ಪೇ ಆಗುತ್ತದೆ. ಭಾನುವಾರ ಮಧ್ಯಾಹ್ನದ ಮೇಲೆ ಬಾಗಿಲು.