ಆಕಾಶಕ್ಕೆ ಕನ್ನ: ಟೆಡ್ ಚಿಯಾಂಗ್ ಅವರ ಎಂಟು ಕಥೆಗಳು

ಇಟ್ಟಿಗೆ ಹೇರಿದ ಗಾಡಿ ಗೋಪುರದ ತುದಿ ಮುಟ್ಟಲು ನಾಲ್ಕು ತಿಂಗಳು ಬೇಕು. ಬರಿಗೈಲಿ ಹತ್ತಿದರೂ ಒಂದೂವರೆ ತಿಂಗಳು. ಅಮೆರಿಕದ ಲೇಖಕ ಟೆಡ್ ಚಿಯಾಂಗ್ ಅವರ ‘ಟವರ್ ಆಫ್ ಬ್ಯಾಬಿಲಾನ್’ (1990) ಕಥೆ ಶುರುವಾಗುವುದೇ ಈ ಲೆಕ್ಕದಿಂದ. ಆಕಾಶ ಮುಟ್ಟಲೆಂದು ಜನ ಕಟ್ಟಹೊರಟ ಬೈಬಲ್ಲಿನ ಬಾಬೆಲ್ ಗೋಪುರ ಇಲ್ಲಿ ಪವಾಡವಲ್ಲ, ಕಾಮಗಾರಿ. ಗಾಡಿ ಎಳೆಯುವವರ ಸಂಸಾರವೂ ತರಕಾರಿ ಬೆಳೆಯೂ ಗೋಪುರದ ಮೇಲೆಯೇ. ಸೂರ್ಯನ ಎತ್ತರ ದಾಟಿದ ಮೇಲೆ ಬೆಳಕು ಕೆಳಗಿನಿಂದ ಬರುತ್ತದೆ. ಹಾಗಾಗಿ ಗಿಡಗಳು ಕೆಳಮುಖವಾಗಿ ಚಿಗುರುತ್ತವೆ! ಆಕಾಶದ ಚಾವಣಿ ಕೊರೆಯಲು ಎಲಾಮ್ ಎಂಬ ಪ್ರಾಚೀನ ನಾಡಿನಿಂದ ಗಣಿ ಕೆಲಸಗಾರರು ಬರುತ್ತಾರೆ. ಚಾವಣಿಯ ಮೇಲಿನ ನೀರು ಒಡೆದುಕೊಂಡರೆ ಭೂಮಿ ಮುಳುಗದಿರಲೆಂದು ಈಜಿಪ್ಟಿನವರು ಸುರಂಗಕ್ಕೆ ಗ್ರಾನೈಟ್ ಬಾಗಿಲು ಕೂರಿಸುತ್ತಾರೆ. ವಿಶ್ವ ಪುರಾಣದ್ದು, ತಲೆ ಎಂಜಿನಿಯರನದು.

ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಬೆರೆಸಿದ ಕಥೆಗಳು ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ: ಯಂತ್ರ ಕೈಕೊಟ್ಟಾಗ ಮಂತ್ರ, ಮಂತ್ರ ಸಾಲದಾದಾಗ ಯಂತ್ರ. ‘ಸ್ಟೋರೀಸ್ ಆಫ್ ಯುವರ್ ಲೈಫ್ ಅಂಡ್ ಅದರ್ಸ್’ (2002) ಸಂಕಲನದಲ್ಲಿ ಈ ಜಾರಿಕೆ ಇಲ್ಲ. ಅಸಂಭವದ ನಿಯಮ ಮೊದಲೇ ಗೊತ್ತಾಗುತ್ತದೆ, ಆಮೇಲೆ ಲೇಖಕರೂ ಅದಕ್ಕೆ ತಲೆಬಾಗುತ್ತಾರೆ.

ಅತಿ ಮಹತ್ವಾಕಾಂಕ್ಷೆಯ ಬೆರಕೆ ‘ಸೆವೆಂಟಿ-ಟು ಲೆಟರ್ಸ್’. ವಿಕ್ಟೋರಿಯಾ ಕಾಲದ ಇಂಗ್ಲೆಂಡ್. ಹೀಬ್ರೂ ಅಕ್ಷರಗಳಲ್ಲಿ ಹೆಸರು ಬರೆದ ಚೀಟಿ ಒಳಗಿಟ್ಟರೆ ಮಣ್ಣಿನ ಬೊಂಬೆ ನಡೆಯುತ್ತದೆ. ಬೊಂಬೆಗೆ ಚುರುಕು ಬೆರಳು ಬಂದರೆ ನಮ್ಮ ಅನ್ನಕ್ಕೆ ಕಲ್ಲು ಎಂದು ಶಿಲ್ಪಿಗಳು ಸಿಡಿದೇಳುವ ಭಾಗ ಬಲು ಗಟ್ಟಿ. ಆದರೆ ಇದರ ಮೇಲೆ, ವೀರ್ಯದೊಳಗೆ ಪುಟ್ಟ ಮನುಷ್ಯನೇ ಮಡಿಸಿ ಕೂತಿದ್ದಾನೆಂಬ ಹಳೆಯ ಜೀವಶಾಸ್ತ್ರವನ್ನೂ, ಸಾಲದೆಂಬಂತೆ ಬಾಡಿಗೆ ಕೊಲೆಗಾರನನ್ನೂ ಹೇರಿದ್ದಾರೆ. ಕೊನೆಯ ಬೆನ್ನಟ್ಟುವಿಕೆ ಬೇರೆ ಯಾವುದೋ ಕಥೆಯಿಂದ ಬಂದಂತಿದೆ.

‘ಹೆಲ್ ಈಸ್ ದಿ ಆಬ್ಸೆನ್ಸ್ ಆಫ್ ಗಾಡ್’ ಕಥೆಯಲ್ಲಿ ಪ್ರಯೋಗಾಲಯವಿಲ್ಲ, ಯಂತ್ರವೂ ಇಲ್ಲ. ದೇವದೂತರು ಇಳಿದಾಗಲೆಲ್ಲ ಕೆಲವರ ರೋಗ ವಾಸಿಯಾಗುತ್ತದೆ, ಕೆಲವರು ಸಾಯುತ್ತಾರೆ; ವರದಿ ಮಾತ್ರ ಬಿರುಗಾಳಿಯ ಹಾನಿ ಲೆಕ್ಕದಷ್ಟೇ ತಣ್ಣಗೆ. ನೀಲ್ ಎಂಬವನ ಹೆಂಡತಿ ಸಾಯುವುದು ಹಾಗೆ ಒಡೆದ ಕಿಟಕಿ ಗಾಜಿನಿಂದ. ಸಂಕಲನದಲ್ಲಿ ಹದ ಅತಿ ಚೆನ್ನಾಗಿ ಬಂದಿರುವುದು ಇದಕ್ಕೇ.

‘ಅಂಡರ್‌ಸ್ಟ್ಯಾಂಡ್’ ಅಪ್ಪಟ ಸೈನ್ಸ್ ಫಿಕ್ಷನ್, ಓಟ ಚೆನ್ನಾಗಿದೆ. ‘ದಿ ಎವಲ್ಯೂಷನ್ ಆಫ್ ಹ್ಯೂಮನ್ ಸೈನ್ಸ್’ ಕೆಲವೇ ಪುಟಗಳ ಟಿಪ್ಪಣಿ, ಬಿಟ್ಟರೂ ನಷ್ಟವಿಲ್ಲ. ‘ಡಿವಿಷನ್ ಬೈ ಝೀರೋ’ದಿಂದ ಓದು ಶುರು ಮಾಡಬೇಡಿ, ಗಣಿತದ ಒಣಹವೆಗೆ ಪುಸ್ತಕವೇ ಬೇಡವೆನಿಸೀತು. ‘ಅರೈವಲ್’ (2016) ಸಿನಿಮಾ ನೋಡಿ ಅದರ ಮೂಲ ಕಥೆ ‘ಸ್ಟೋರಿ ಆಫ್ ಯುವರ್ ಲೈಫ್’ಗೆ ಬರುವವರಿಗೆ ಯುದ್ಧದ ಆತಂಕ ಸಿಗದು. ಅದರ ಜಾಗದಲ್ಲಿ ಇರುವುದು ಬೆಳಕು ಅತಿ ಬೇಗ ತಲುಪುವ ದಾರಿಯನ್ನೇ ಹಿಡಿಯುತ್ತದೆಂಬ, ಫ್ರೆಂಚ್ ಗಣಿತಜ್ಞ ಫರ್ಮಾ ಅವರ ತತ್ವ. ಆ ಪುಟಗಳನ್ನು ಹಾರಿಸಿದರೆ ಕಥೆ ಹೇಳುವ ತಾಯಿ ಮಗಳಿಗೆ ‘ನೀನು ಮುಂದೆ ಹೀಗೆ ಮಾಡುವೆ’ ಎನ್ನುವ ವಾಕ್ಯಗಳು ಬರೀ ಗೊಂದಲ. ಕೊನೆಯಲ್ಲಿ ಪ್ರತಿ ಕಥೆಗೂ ಲೇಖಕರ ಟಿಪ್ಪಣಿ ಇದೆ, ಮೊದಲೇ ತಿರುಗಿಸಬೇಡಿ, ಗುಟ್ಟು ರಟ್ಟಾಗುತ್ತದೆ.